ಎದೆಗೆ ಹಾಕಿಕೊಂಡರೆ ಮಗು ರಚ್ಚೆ ಹಿಡಿಯುತ್ತದೆ: ಹಾಲು ಸಾಲದು ಎಂದೇ ಅರ್ಥವೇ?

ಪ್ರಶ್ನೆ: ಇದು ನನ್ನ ಚೊಚ್ಚಲು ಮಗು, ಇಂದಿಗೆ 24 ದಿನ. ಹುಟ್ಟಿದಾಗ 2.9 ಕೆ.ಜಿ. ಇತ್ತು, ಐದನೇ ದಿನ 2.7ಕ್ಕೆ ಇಳಿದಿತ್ತು, ಮೊನ್ನೆ ತೂಗಿಸಿದಾಗ 3.3 ಆಗಿದೆ. ದಿನಕ್ಕೆ ಏಳೆಂಟು ಸಲ ಡಯಪರ್ ಒದ್ದೆ ಮಾಡುತ್ತದೆ. ಬೆಳಗಿನ ಹೊತ್ತು ಕುಡಿಯುತ್ತ ಕುಡಿಯುತ್ತಲೇ ಕೆಮ್ಮಿ, ಮೊಲೆ ಬಿಟ್ಟು ಅಳುತ್ತದೆ. ಆಮೇಲೆ ಹಗಲೆಲ್ಲ ಪರವಾಗಿಲ್ಲ. ಸಂಜೆ ಆರು ಗಂಟೆಯಾಯಿತೆಂದರೆ ನನಗೆ ಭಯ ಶುರು. ಎರಡು ನಿಮಿಷ ಚೀಪಿ, ಬಿಟ್ಟು, ಬೆನ್ನು ಸೆಟೆಸಿ ಕಿರುಚುತ್ತದೆ. ಎತ್ತಿಕೊಂಡರೆ ಮತ್ತೆ ಮೊಲೆ ಹುಡುಕುತ್ತದೆ. ರಾತ್ರಿ ಹತ್ತರವರೆಗೂ ಇದೇ ಆಟ. ಹಾಲು ಕೊಟ್ಟಾದ ಮೇಲೆ ಪಂಪ್ ಮಾಡಿ ನೋಡಿದರೆ ಬರೀ 30 ಮಿ.ಲೀ. ಬಂತು. ಅತ್ತೆ ‘ಹಾಲು ಸಾಲುತ್ತಿಲ್ಲ, ಬಾಟಲಿ ಕೊಡು’ ಅಂತಾರೆ. ಅಮ್ಮ ‘ಗ್ಯಾಸ್ ಇರಬೇಕು, ಹನಿ ಔಷಧ ಹಾಕು’ ಅಂತಾರೆ. ಎರಡು ದಿನ ಸಂಜೆ ಪುಡಿ ಹಾಲು ಕೊಟ್ಟೆವು, ಗಟಗಟನೆ ಕುಡಿದು ಮಲಗಿಬಿಟ್ಟಿತು. ಅಪ್ಪ ಎತ್ತಿಕೊಂಡರೆ ಸುಮ್ಮನಾಗುವ ಮಗು ನನ್ನ ಹತ್ತಿರ ಬಂದರೆ ಅಳುತ್ತದೆ. ನನ್ನ ಹಾಲು ಸಾಲುತ್ತಿಲ್ಲವೇ? ಅಥವಾ ನಾನೇ ಬೇಡವೇ?

ಉತ್ತರ: ನೀವು ಕೊಟ್ಟಿರುವ ತೂಕದ ಲೆಕ್ಕದಿಂದಲೇ ಶುರು ಮಾಡೋಣ, ಏಕೆಂದರೆ ಮನೆಯಲ್ಲಿ ನಡೆಯುತ್ತಿರುವ ವಾದವನ್ನು ಅದೊಂದೇ ತೀರ್ಮಾನಿಸಬಲ್ಲದು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ನಿಮ್ಮ ಮಗುವಿನದು ಶೇ 7ರಷ್ಟು ಇಳಿದಿತ್ತು. ಶೇ 10ರ ಹತ್ತಿರ ಬಂದರೆ ನಾವು ವೈದ್ಯರು ಗಾಬರಿಯಾಗುತ್ತೇವೆ. ಇಳಿದ ತೂಕ ಎರಡು ವಾರದೊಳಗೆ ಮರಳಿ ಬರಬೇಕು, ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗು ಐದನೇ ದಿನದಿಂದ ಈಚೆಗೆ 600 ಗ್ರಾಂ ಏರಿದೆ, ಅಂದರೆ ದಿನಕ್ಕೆ 30 ಗ್ರಾಂಗೂ ಮೇಲೆ. ಎರಡು ಸಂಜೆ ಬಾಟಲಿ ಕೊಟ್ಟ ಮಾತ್ರಕ್ಕೆ ಬರುವ ತೂಕವಲ್ಲ ಇದು. ಇಷ್ಟೂ ನಿಮ್ಮ ಎದೆಯಿಂದಲೇ ಬಂದದ್ದು. ಒದ್ದೆ ಡಯಪರ್‌ಗಳ ಲೆಕ್ಕವೂ ಇದನ್ನೇ ಹೇಳುತ್ತದೆ: ಐದಾರು ದಿನ ತುಂಬಿದ ಮೇಲೆ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ, ಅದರ ಬಣ್ಣ ತಿಳಿಯಾಗಿದ್ದರೆ, ಹೊಟ್ಟೆಗೆ ಹೋಗುವುದು ಹೋಗುತ್ತಿದೆ.

ಆದ್ದರಿಂದ ‘ಹಾಲು ಸಾಲುತ್ತಿಲ್ಲ’ ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಿ. ಮಗು ಅಳುತ್ತಿರುವುದು ಸುಳ್ಳಲ್ಲ. ಆದರೆ ಹಾಲು ಎಷ್ಟಿದೆ ಎನ್ನುವುದಕ್ಕಿಂತ ಯಾವ ವೇಗದಲ್ಲಿ ಬರುತ್ತಿದೆ ಎನ್ನುವುದರ ಮೇಲೆ ಅದು ಹೆಚ್ಚು ತಕರಾರು ಮಾಡುತ್ತಿದೆ. ನನ್ನ ಬಳಿ ಬರುವ ತಾಯಂದಿರಿಗೆ ನಾನು ಮೊದಲು ಕೇಳುವುದು ‘ಎಷ್ಟು ಅಳುತ್ತೆ?’ ಅಂತಲ್ಲ, ‘ಯಾವಾಗ ಅಳುತ್ತೆ?’ ಅಂತ. ಬಾಯಿ ಹಾಕಿದ ಕೂಡಲೇ ಅಳುವುದು, ಒಂದೆರಡು ನಿಮಿಷ ಕುಡಿದು ಕೆಮ್ಮಿ ಅಳುವುದು, ಹತ್ತು ನಿಮಿಷ ಆರಾಮಾಗಿ ಕುಡಿದು ಆಮೇಲೆ ಎಳೆದಾಡುವುದು, ಸಂಜೆ ಮಾತ್ರ ರಚ್ಚೆ ಹಿಡಿಯುವುದು, ಒಂದೇ ಕಡೆಯ ಮೊಲೆಗೆ ಮುಖ ತಿರುಗಿಸುವುದು: ಇವುಗಳಲ್ಲಿ ಒಂದೊಂದಕ್ಕೂ ಕಾರಣ ಬೇರೆ, ಮಾಡಬೇಕಾದ್ದೂ ಬೇರೆ. ಇವನ್ನೆಲ್ಲ ಒಟ್ಟಿಗೆ ಗಂಟು ಕಟ್ಟಿ ‘ಹಾಲು ಕಡಿಮೆ’ ಅಂದುಬಿಟ್ಟರೆ ಮನೆಗೆ ಬಾಟಲಿ ಬರುತ್ತದೆ, ಸಮಸ್ಯೆ ಮಾತ್ರ ಇದ್ದಲ್ಲೇ ಇರುತ್ತದೆ.

ನಿಮ್ಮ ಬೆಳಗು ಮತ್ತು ಸಂಜೆಯ ಕಥೆ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ ಅನ್ನಿಸುತ್ತದೆ, ಆದರೆ ಎರಡಕ್ಕೂ ಬೇರು ಒಂದೇ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ಎದೆ ತುಂಬಿ ಬಿಗಿಯಾಗಿರುತ್ತದೆ. ಮಗು ಚೀಪಲು ಶುರು ಮಾಡಿದಾಗ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹಾಲಿನ ಗ್ರಂಥಿಗಳನ್ನು ಹಿಂಡುತ್ತದೆ, ಹಾಲು ಇಳಿಯುತ್ತದೆ. ತುಂಬಿದ ಎದೆಯಿಂದ ಅದು ರಭಸವಾಗಿ ನುಗ್ಗಿದಾಗ ಪುಟ್ಟ ಗಂಟಲಿಗೆ ನುಂಗಲು, ಉಸಿರಾಡಲು ಎರಡಕ್ಕೂ ಸಮಯ ಸಿಗುವುದಿಲ್ಲ. ಕೆಮ್ಮಿ, ಮೊಲೆ ಬಿಟ್ಟು ಅಳುತ್ತದೆ. ಸಂಜೆಗೆ ಇದೇ ಎದೆ ಮೆತ್ತಗಾಗಿರುತ್ತದೆ, ಹಾಲು ನಿಧಾನಕ್ಕೆ ಬರುತ್ತದೆ. ಆ ಹಾಲಿನಲ್ಲಿ ಕೊಬ್ಬಿನಂಶ ಸಾಮಾನ್ಯವಾಗಿ ಜಾಸ್ತಿ, ಏಕೆಂದರೆ ಎದೆ ಬರಿದಾದಷ್ಟೂ ಹಾಲು ಗಟ್ಟಿಯಾಗುತ್ತ ಹೋಗುತ್ತದೆ. ಮಗುವಿಗೆ ನಷ್ಟವೇನೂ ಇಲ್ಲ. ಆದರೆ ಬೆಳಿಗ್ಗೆ ಧಾರೆಯಾಗಿ ಬಂದದ್ದು ಸಂಜೆ ಹನಿಹನಿಯಾಗಿ ಬರುತ್ತಿದೆ ಎಂಬ ಸಿಟ್ಟು ಅದಕ್ಕಿದೆ, ಅದನ್ನು ಹೇಳಲು ಅಳು ಬಿಟ್ಟು ಬೇರೆ ದಾರಿಯಿಲ್ಲ.

ಬೆಳಗಿನದ್ದನ್ನು ಸರಿಮಾಡುವುದು ಸುಲಭ. ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಅರ್ಧ ಮಲಗಿದಂತೆ ಕೂತು, ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲಾಗಿ ಮಲಗಿಸಿಕೊಂಡು ಕುಡಿಸಿ. ಆಗ ಹಾಲು ಮೇಲ್ಮುಖವಾಗಿ ಹರಿಯಬೇಕಾಗುತ್ತದೆ, ರಭಸ ತಗ್ಗುತ್ತದೆ. ಜಾಸ್ತಿಯಾದರೆ ಮಗುವೇ ತಲೆ ಎತ್ತಿ ಬಿಡುತ್ತದೆ. ಬ್ರಿಟನ್ನಿನ ಸೂಲಗಿತ್ತಿ ಹಾಗೂ ಸಂಶೋಧಕಿ ಸುಝಾನ್ ಕೋಲ್ಸನ್ ಈ ಭಂಗಿಯನ್ನು ಅಧ್ಯಯನ ಮಾಡಿ, ಹೀಗೆ ಮಲಗಿಸಿದಾಗ ಶಿಶುಗಳ ಹುಟ್ಟುಗುಣಗಳು ಹಾಲು ಕುಡಿಯುವುದಕ್ಕೆ ಅಡ್ಡಿಯಾಗದೆ ಸಹಾಯವಾಗುತ್ತವೆ ಎಂದು ತೋರಿಸಿಕೊಟ್ಟವರು. ಎದೆ ತೀರಾ ಬಿಗಿದಿದ್ದರೆ ಕುಡಿಸುವ ಮೊದಲು ಕೈಯಿಂದ ಸ್ವಲ್ಪ ಹಿಂಡಿ ತೆಗೆಯಿರಿ. ಹಾಲು ಇಳಿದು ಚಿಮ್ಮತೊಡಗಿದಾಗ ಮಗುವನ್ನು ಒಂದು ಕ್ಷಣ ಬಿಡಿಸಿ, ಮೊದಲ ರಭಸವನ್ನು ಬಟ್ಟೆಗೆ ಹೋಗಲು ಬಿಟ್ಟು ಮತ್ತೆ ಹಾಕಿಕೊಂಡರೂ ಆಗುತ್ತದೆ. ಪಂಪ್ ಹಾಕಿ ಎದೆ ಖಾಲಿ ಮಾಡಲು ಮಾತ್ರ ಹೋಗಬೇಡಿ. ತೆಗೆದಷ್ಟೂ ದೇಹ ಇನ್ನಷ್ಟು ತಯಾರಿಸುತ್ತದೆ, ರಭಸ ಇನ್ನೂ ಏರುತ್ತದೆ.

ಇನ್ನು ಸಂಜೆ. ಇದಕ್ಕೆ ಸಮಯ ಬೇಕು, ಸ್ವಲ್ಪ ನಿಧಾನವಾಗಿ ಓದಿ.

ಸಂಜೆಯ ನಾಲ್ಕು ಗಂಟೆಗಳಲ್ಲಿ ಎರಡು ಸಂಗತಿ ಒಂದರ ಮೇಲೊಂದು ಬಿದ್ದಿವೆ. ಮೊದಲನೆಯದು, ಎಳೆ ಮಕ್ಕಳು ದಿನದ ಒಂದು ಹೊತ್ತಿನಲ್ಲಿ, ಹೆಚ್ಚಾಗಿ ಸಂಜೆ, ಒಂದರ ಹಿಂದೆ ಒಂದರಂತೆ ಹಾಲು ಕೇಳುತ್ತವೆ. ಅರ್ಧ ಗಂಟೆಗೊಮ್ಮೆ, ಕೆಲವೊಮ್ಮೆ ಬಿಡುವೇ ಇಲ್ಲದೆ. ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ ಅಂದಾಗ ನಾವು ಎರಡೆರಡು ಗಂಟೆಗೊಮ್ಮೆ ಅಂತ ಭಾಗಿಸಿಕೊಳ್ಳುತ್ತೇವೆ. ಮಗು ಗಡಿಯಾರ ನೋಡುವುದಿಲ್ಲ. ಸಂಜೆ ಐದು ಸಲ ಕುಡಿದು, ರಾತ್ರಿ ಒಂದು ಉದ್ದನೆಯ ನಿದ್ದೆ ತೆಗೆಯುವುದೂ ಅದರ ಲೆಕ್ಕದಲ್ಲಿ ಸರಿಯೇ. ಎರಡನೆಯದು, ಹಸಿವಿಗೂ ಹಾಲಿಗೂ ಸಂಬಂಧವಿಲ್ಲದ ಅಳು. ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೇಝಲ್ಟನ್ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ 1962ರಲ್ಲಿ ಪ್ರಕಟಿಸಿದರು. ಆರೋಗ್ಯವಂತ ಮಕ್ಕಳೂ ಆರನೇ ವಾರದ ಸುಮಾರಿಗೆ ದಿನಕ್ಕೆ ಸರಾಸರಿ ಮೂರು ಗಂಟೆಯ ಹತ್ತಿರ ಅಳುತ್ತಿದ್ದರು, ಅದರಲ್ಲೂ ಸಂಜೆಯ ಹೊತ್ತೇ ಹೆಚ್ಚು. ಆಮೇಲೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳಲ್ಲೂ ಹೆಚ್ಚುಕಡಿಮೆ ಇದೇ ನಕ್ಷೆ ಕಂಡಿದೆ: ಎರಡನೇ ವಾರದಿಂದ ಏರಿ, ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಬಾಟಲಿ ಹಾಲು ಕುಡಿಯುವ ಮಕ್ಕಳೂ ಇದಕ್ಕೆ ಹೊರತಲ್ಲ. ಅಂದರೆ ನಿಮ್ಮ ಮಗುವಿನ ಸಂಜೆ ಇನ್ನೂ ಎರಡು ಮೂರು ವಾರ ಹೀಗೇ ಇರಬಹುದು, ತುಸು ಹೆಚ್ಚೂ ಆಗಬಹುದು. ‘ನಾಳೆಯಿಂದ ಸರಿಹೋಗುತ್ತೆ’ ಅಂತ ನಾನು ಸುಳ್ಳು ಹೇಳಿದರೆ, ನಾಳೆ ಸಂಜೆ ಅಳು ಕೇಳಿದಾಗ ನೀವು ನಿಮ್ಮ ಮೇಲೇ ಅನುಮಾನಪಡುತ್ತೀರಿ.

ಹಾಗಾದರೆ ಏನು ಮಾಡುವುದು? ಆರು ಗಂಟೆಗೆ ಕಾಯಬೇಡಿ. ನಾಲ್ಕೂವರೆ, ಐದರ ಹೊತ್ತಿಗೆ, ಮಗು ನಿದ್ದೆಯಲ್ಲಿ ಮಿಸುಕಾಡಲು ಶುರುಮಾಡಿ, ಬಾಯಿ ಚಪ್ಪರಿಸಿ, ಕೈ ಬಾಯಿಗೆ ಒಯ್ದಾಗಲೇ ಎತ್ತಿಕೊಳ್ಳಿ. ಅಳು ಹಸಿವಿನ ಕೊನೆಯ ಸೂಚನೆ. ಕಿರುಚುವ ಮಗುವಿನ ನಾಲಿಗೆ ಮೇಲಕ್ಕೆ ಅಂಟಿಕೊಂಡಿರುತ್ತದೆ, ಆ ಸ್ಥಿತಿಯಲ್ಲಿ ಮೊಲೆ ಹಿಡಿಯಲು ಅದಕ್ಕೆ ಆಗುವುದೇ ಇಲ್ಲ. ಆಗಲೇ ಅಳು ಶುರುವಾಗಿದ್ದರೆ ಮೊಲೆ ತುರುಕಬೇಡಿ. ಮೊದಲು ಹೆಗಲಿಗೆ ಹಾಕಿಕೊಂಡು ಸಮಾಧಾನ ಮಾಡಿ, ಆಮೇಲೆ ಹಾಲು. ಮಧ್ಯಾಹ್ನ ಒಂದು ತಾಸು ನೀವು ಮಲಗಿ. ಸಂಜೆಗೆ ದೀಪ ಮಂದ ಮಾಡಿ, ಟಿ.ವಿ. ನಿಲ್ಲಿಸಿ, ಮಗು ನೋಡಲು ಬಂದವರನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ. ದಿನವಿಡೀ ಬೆಳಕು, ಸದ್ದು, ಕೈಬದಲಿ ನೋಡಿ ದಣಿದ ಮಗುವಿಗೆ ಸಂಜೆ ಎಲ್ಲವೂ ಅತಿಯಾಗಿರುತ್ತದೆ.

ಮಗುವನ್ನು ಡಯಪರ್ ಬಿಟ್ಟು ಬೇರೇನೂ ತೊಡಿಸದೆ ನಿಮ್ಮ ಬರಿ ಎದೆಗೆ ಅವಚಿ, ಮೇಲೊಂದು ಬಟ್ಟೆ ಹೊದ್ದುಕೊಳ್ಳಿ. ಕೊಲಂಬಿಯಾದ ಬೊಗೊಟಾದಲ್ಲಿ 1978ರ ಸುಮಾರಿಗೆ ಡಾ. ಎಡ್ಗರ್ ರೇ, ತೂಕ ಕಡಿಮೆಯಿದ್ದ ಮಕ್ಕಳಿಗೆ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ತಾಯಂದಿರ ಎದೆಗೇ ಮಕ್ಕಳನ್ನು ಕಟ್ಟಿಸಿದರು. ಇಂದು ‘ಕಾಂಗರೂ ಆರೈಕೆ’ ಎಂದು ಜಗತ್ತೆಲ್ಲ ಕರೆಯುವುದು ಅದನ್ನೇ. ಹೊತ್ತಿಗೆ ಹುಟ್ಟಿದ ಮಗುವಿಗೂ ಅದು ಅಷ್ಟೇ ಹಿತ. ಚರ್ಮಕ್ಕೆ ಚರ್ಮ ತಾಗಿದಾಗ ಮಗುವಿನ ಉಸಿರು ತಾಳಕ್ಕೆ ಬರುತ್ತದೆ, ನಿಮ್ಮಲ್ಲೂ ಆಕ್ಸಿಟೋಸಿನ್ ಏರಿ ಹಾಲು ಬೇಗ ಇಳಿಯುತ್ತದೆ. ಆತಂಕ, ನೋವು, ಚಳಿ ಇವು ಮೂರೂ ಹಾಲು ಇಳಿಯುವುದನ್ನು ತಡಮಾಡುತ್ತವೆ. ‘ಆರು ಗಂಟೆಯಾಯಿತೆಂದರೆ ಭಯ’ ಅಂತ ಬರೆದಿದ್ದೀರಲ್ಲ, ಆ ಭಯವೇ ಮೊದಲ ಧಾರೆಯನ್ನು ಒಂದೆರಡು ನಿಮಿಷ ತಡೆಹಿಡಿದಿರಬಹುದು. ಅಷ್ಟರಲ್ಲಿ ಮಗುವಿನ ತಾಳ್ಮೆ ಮುಗಿದಿರುತ್ತದೆ. ಇದಕ್ಕೆ ನೀವು ತಪ್ಪಿತಸ್ಥೆಯಲ್ಲ, ದೇಹದ ಕ್ರಮವೇ ಹಾಗೆ. ಕೂತ ಮೇಲೆ ಮೊಲೆಯನ್ನು ಬೆಚ್ಚನೆಯ ಬಟ್ಟೆಯಿಂದ ಒತ್ತಿ, ಬೆರಳಲ್ಲಿ ನವಿರಾಗಿ ನೀವಿ, ಒಂದೆರಡು ಹನಿ ಹಿಂಡಿ ಮೊಲೆತೊಟ್ಟಿನ ಮೇಲೆ ಬಿಟ್ಟು ಆಮೇಲೆ ಮಗುವನ್ನು ಹತ್ತಿರ ತನ್ನಿ.

ಕುಡಿಯುವಾಗ ಮಗುವಿನ ಗದ್ದ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊದಲು ಚಿಕ್ಕಚಿಕ್ಕದಾಗಿ ಬೇಗಬೇಗ ಚೀಪುತ್ತದೆ, ಅದು ಹಾಲು ಕರೆಯುವ ಚೀಪು. ಹಾಲು ಇಳಿದ ಮೇಲೆ ದವಡೆ ದೊಡ್ಡದಾಗಿ ತೆರೆದು, ಒಂದು ಕ್ಷಣ ನಿಂತು, ಮುಚ್ಚುತ್ತದೆ. ಆ ನಿಲುಗಡೆಯಲ್ಲಿ ಬಾಯ್ತುಂಬ ಹಾಲು ಸೇರಿರುತ್ತದೆ. ಗಮನವಿಟ್ಟರೆ ನುಂಗುವ ಸದ್ದೂ ಕೇಳುತ್ತದೆ. ನಿಲುಗಡೆ ಮಾಯವಾಗಿ ಬರೀ ತುಟಿ ಆಡಿಸುವುದು ಶುರುವಾದಾಗ, ಮಗು ಎಳೆದಾಡುವ ಮೊದಲೇ, ಹೆಬ್ಬೆರಳು ಒಂದು ಬದಿ, ಉಳಿದ ಬೆರಳು ಇನ್ನೊಂದು ಬದಿ ಇಟ್ಟು, ತೊಟ್ಟಿನಿಂದ ದೂರದಲ್ಲಿ ಮೊಲೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಮಗು ಮತ್ತೆ ನುಂಗತೊಡಗುತ್ತದೆ. ನಿಂತಾಗ ಕೈ ಸಡಿಲಿಸಿ, ಸ್ವಲ್ಪ ಬಿಟ್ಟು ಬೇರೆ ಜಾಗದಲ್ಲಿ ಒತ್ತಿ. ಕೆನಡಾದ ವೈದ್ಯ ಜ್ಯಾಕ್ ನ್ಯೂಮನ್ ಜನಪ್ರಿಯಗೊಳಿಸಿದ ಉಪಾಯವಿದು. ನಿಮ್ಮಂಥ ಸಂಜೆಗಳಿಗೆ ನಾನು ಹೇಳಿಕೊಡುವುದರಲ್ಲಿ ಹೆಚ್ಚು ಫಲ ಕೊಡುವುದು ಇದೇ. ಒತ್ತಿದರೂ ಬಾರದಿದ್ದಾಗ ಇನ್ನೊಂದು ಮೊಲೆಗೆ ಬದಲಿಸಿ, ಅಲ್ಲೂ ಹಾಗೆಯೇ ಮಾಡಿ, ಬೇಕಾದರೆ ಮತ್ತೆ ಮೊದಲನೆಯದಕ್ಕೆ ಬನ್ನಿ. ಅಷ್ಟು ಹೊತ್ತಿಗೆ ಅಲ್ಲಿ ಮತ್ತೆ ಹಾಲು ಇರುತ್ತದೆ. ಮೊಲೆ ‘ಪೂರ್ತಿ ಖಾಲಿ’ ಎಂಬ ಸ್ಥಿತಿಯೇ ಇಲ್ಲ.

ಹಿಡಿದುಕೊಳ್ಳುವ ರೀತಿಯನ್ನೂ ಒಮ್ಮೆ ನೋಡಿಬಿಡಿ. ಬೆನ್ನು ಸೆಟೆಸಿ ಕಿರುಚುವ ಮಕ್ಕಳಲ್ಲಿ ಎಷ್ಟೋ ಸಲ ಕಾರಣ ನಮ್ಮ ಕೈಯೇ ಆಗಿರುತ್ತದೆ: ಮಗು ಅತ್ತಾಗ ಯಾರೋ ತಲೆಯ ಹಿಂಭಾಗಕ್ಕೆ ಕೈಯಿಟ್ಟು ಮೊಲೆಗೆ ಒತ್ತುತ್ತಾರೆ. ಹಿಂದಿನಿಂದ ತಲೆ ಒತ್ತಿದರೆ ಮಗು ತಾನಾಗಿ ಹಿಂದಕ್ಕೆ ಸೆಟೆಯುತ್ತದೆ, ಮೂಗು ಮುಚ್ಚಿದಂತಾಗಿ ಗಾಬರಿಯಾಗುತ್ತದೆ. ಎರಡು ಮೂರು ಸಲ ಹೀಗಾದರೆ ಎದೆಯ ಹತ್ತಿರ ಬಂದ ಕೂಡಲೇ ಅಳುವುದನ್ನು ಕಲಿಯುತ್ತದೆ. ನಿಮ್ಮ ಅಂಗೈ ಮಗುವಿನ ಭುಜಗಳ ನಡುವೆ ಇರಲಿ, ಹೆಬ್ಬೆರಳು ಮತ್ತು ತೋರುಬೆರಳು ಕಿವಿಗಳ ಕೆಳಗೆ ಕುತ್ತಿಗೆಗೆ ಆಸರೆಯಾಗಿರಲಿ, ತಲೆ ಹಿಂದಕ್ಕೆ ವಾಲುವ ಸ್ವಾತಂತ್ರ್ಯ ಇರಲಿ. ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಬೇಕು; ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ನುಂಗುವುದು ದೊಡ್ಡವರಾದ ನಮಗೂ ಕಷ್ಟ. ಮೊಲೆತೊಟ್ಟು ಮೂಗಿನ ಎದುರಿಗೆ ಬರುವಂತೆ ಹಿಡಿದು, ಮಗು ತಲೆಯೆತ್ತಿ ಬಾಯಿ ಅಗಲ ಮಾಡಿದಾಗ ಗದ್ದ ಮೊದಲು ಮೊಲೆಗೆ ತಾಗುವಂತೆ ಹತ್ತಿರ ಎಳೆದುಕೊಳ್ಳಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಕಡೆ ಹೆಚ್ಚು ಕಾಣಬೇಕು, ಕೆಳತುಟಿಯ ಕಡೆ ಕಡಿಮೆ. ಮಗು ಬಿಟ್ಟ ಮೇಲೆ ತೊಟ್ಟು ದುಂಡಗೇ ಇದ್ದರೆ ಸರಿ. ಒಂದು ಕಡೆ ಚಪ್ಪಟೆಯಾಗಿ, ಓರೆಯಾಗಿ ಕಂಡರೆ, ಕುಡಿಯುವಷ್ಟು ಹೊತ್ತೂ ನೋಯುತ್ತಿದ್ದರೆ, ಮಗು ತುದಿಯನ್ನಷ್ಟೇ ಹಿಡಿದಿದೆ. ಹಾಗೆ ಹಿಡಿದ ಮಗುವಿಗೆ ಎದೆ ತುಂಬ ಹಾಲಿದ್ದರೂ ಸರಿಯಾಗಿ ಬರುವುದಿಲ್ಲ. ಎರಡು ದಿನ ಪ್ರಯತ್ನಿಸಿಯೂ ಸರಿಯಾಗದಿದ್ದರೆ ಎದೆಹಾಲಿನ ಸಲಹೆಗಾರರ ಎದುರು ಕೂತು ಒಂದು ಹೊತ್ತು ಪೂರ್ತಿ ಕುಡಿಸಿ ತೋರಿಸಿ. ಅವರು ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯೇ ಎಂದೂ ನೋಡುತ್ತಾರೆ. ಆದರೆ ಪೊರೆ ಕಂಡಿತು ಎಂದಷ್ಟಕ್ಕೇ ಕತ್ತರಿಸಲು ಅವಸರ ಬೇಡ. ಮಗು ಕುಡಿಯುವುದಕ್ಕೆ ಅದು ನಿಜಕ್ಕೂ ಅಡ್ಡಿಯಾಗಿದೆಯೇ ಎನ್ನುವುದು ಮುಖ್ಯ.

ಈಗ ಅತ್ತೆಯವರ ಬಾಟಲಿ. ‘ಗಟಗಟನೆ ಕುಡಿದು ಮಲಗಿತು, ಅಂದರೆ ಹಸಿದಿತ್ತು’ ಎನ್ನುವುದು ನೋಡಲು ಸರಿಯಾದ ತರ್ಕ. ಆದರೆ ಎಳೆ ಮಗುವಿನ ಬಾಯಲ್ಲಿ ಏನೇ ಇಟ್ಟರೂ ಅದು ಚೀಪುತ್ತದೆ, ಚೀಪಿದಾಗ ಬಾಟಲಿಯಿಂದ ಹಾಲು ಸುರಿಯುತ್ತದೆ, ಸುರಿದದ್ದನ್ನು ನುಂಗಲೇಬೇಕು. ಹೊಟ್ಟೆ ತುಂಬಿದ ಮಗುವೂ ಬಾಟಲಿ ಹಾಲು ಕುಡಿಯಬಲ್ಲದು. ಪುಡಿ ಹಾಲು ಜೀರ್ಣವಾಗುವುದು ನಿಧಾನ, ಅದರಿಂದ ನಿದ್ದೆಯೂ ಭಾರ. ಪಂಪಿನ 30 ಮಿ.ಲೀ.ಗೂ ಇಂಥದ್ದೇ ಉತ್ತರ. ಮಗು ಕುಡಿದು ಬಿಟ್ಟ ಮೇಲೆ, ಅದೂ ಯಂತ್ರಕ್ಕೆ, ಅಷ್ಟು ಬಂದದ್ದು ಚೆನ್ನಾಗಿಯೇ ಬಂದ ಹಾಗೆ. ಯಂತ್ರ ಎಷ್ಟು ತೆಗೆಯಿತು ಎಂಬುದರಿಂದ ಮಗು ಎಷ್ಟು ತೆಗೆಯುತ್ತದೆ ಎಂದು ಹೇಳಲಾಗದು. ಹಾಲು ತುಂಬ ಚೆನ್ನಾಗಿರುವ ಎಷ್ಟೋ ತಾಯಂದಿರಿಗೆ ಪಂಪಿನಲ್ಲಿ ಹನಿಯೂ ಬರುವುದಿಲ್ಲ.

ಬಾಟಲಿ ಪಾಪವೇನಲ್ಲ. ತೂಕ ಏರದ ಮಗುವಿಗೆ, ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬಾರದ ಮಗುವಿಗೆ, ಮೊದಲು ತಾಯಿಯ ಹಿಂಡಿದ ಹಾಲು, ಅದು ಸಾಲದಿದ್ದರೆ ಪುಡಿ ಹಾಲು ನಾನೇ ಕೊಡಿಸುತ್ತೇನೆ, ಒಂದು ದಿನವೂ ತಡಮಾಡುವುದಿಲ್ಲ. ನಿಮ್ಮದು ಆ ಸಂದರ್ಭವಲ್ಲ. ನಿಮ್ಮ ವಿಷಯದಲ್ಲಿ ಪ್ರತಿ ಸಂಜೆಯ ಬಾಟಲಿ ಮಾಡುವುದಿಷ್ಟು: ಆ ಹೊತ್ತಿನಲ್ಲಿ ಎದೆ ಖಾಲಿಯಾಗುವುದಿಲ್ಲ, ಖಾಲಿಯಾಗದ ಎದೆ ‘ಇಷ್ಟು ಸಾಕು’ ಎಂದು ತಿಳಿದು ತಯಾರಿಕೆ ತಗ್ಗಿಸುತ್ತದೆ, ಮುಂದಿನ ವಾರ ಸಂಜೆಯ ಹಾಲು ಇನ್ನಷ್ಟು ನಿಧಾನವಾಗುತ್ತದೆ, ಮಗು ಇನ್ನಷ್ಟು ಅಳುತ್ತದೆ, ಬಾಟಲಿ ಎರಡಾಗುತ್ತದೆ. ಇಲ್ಲದ ಕೊರತೆ ಹೀಗೆಯೇ ಹುಟ್ಟಿಕೊಳ್ಳುವುದು. ಯಾವತ್ತೋ ಒಂದು ದಿನ ನೀವು ಕುಸಿದು ಕೂತಾಗ ಕೊಡಲೇಬೇಕಾಗಿ ಬಂದರೆ, ಮಗುವನ್ನು ಕೂರಿಸಿದಂತೆ ನೆಟ್ಟಗೆ ಹಿಡಿದು, ಬಾಟಲಿಯನ್ನು ಅಡ್ಡಡ್ಡಲಾಗಿ ಇಟ್ಟು, ನಾಲ್ಕೈದು ಗುಟುಕಿಗೊಮ್ಮೆ ತಡೆದು ತಡೆದು ಕುಡಿಸಲಿ, ಅದೇ ಹೊತ್ತಿಗೆ ನೀವು ಎದೆಯಿಂದ ಹಿಂಡಿ ತೆಗೆಯಿರಿ. ಅತ್ತೆಯವರಿಗೆ ತೂಕದ ಚೀಟಿ ತೋರಿಸಿ. ವಾದಕ್ಕಿಂತ ಅಂಕಿ ಬೇಗ ಕೆಲಸ ಮಾಡುತ್ತದೆ. ಅವರ ಕಾಳಜಿ ಮೊಮ್ಮಗುವಿನ ಹೊಟ್ಟೆಯ ಬಗ್ಗೆಯೇ ತಾನೇ?

ನಿಮ್ಮ ಅಮ್ಮ ಹೇಳುವ ಗ್ಯಾಸ್ ಇದೆ, ಎಲ್ಲ ಮಕ್ಕಳಿಗೂ ಇರುತ್ತದೆ. ಆದರೆ ಗ್ಯಾಸ್‌ನಿಂದ ಅಳುವುದಕ್ಕಿಂತ ಅತ್ತು ಅತ್ತು ಗಾಳಿ ನುಂಗುವುದೇ ಜಾಸ್ತಿ. ಗ್ಯಾಸ್‌ಗೆಂದು ಮಾರುವ ಸಿಮೆಥಿಕೋನ್ ಹನಿಗಳನ್ನು ಔಷಧವಿಲ್ಲದ ಹನಿಗಳ ಜೊತೆ ಹೋಲಿಸಿ ಪರೀಕ್ಷಿಸಿದಾಗ ಹೆಚ್ಚಿನ ಪ್ರಯೋಜನ ಕಂಡಿಲ್ಲ. ಗ್ರೈಪ್ ವಾಟರ್, ಸಕ್ಕರೆ ನೀರು, ಬರೀ ನೀರು ಇವ್ಯಾವುವೂ ಆರು ತಿಂಗಳವರೆಗೆ ಬೇಡ. ಜೇನಂತೂ ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಕೂಡದು. ಅದರಿಂದ ಬಾಟುಲಿಸಂ ಎಂಬ ಪ್ರಾಣಕ್ಕೇ ಕುತ್ತಾಗುವ ಕಾಯಿಲೆ ಬರಬಹುದು. ತೇಗಿಸುವುದು ಒಳ್ಳೆಯದೇ, ಆದರೆ ತೇಗು ಬರಲೇಬೇಕೆಂದು ಅರ್ಧ ಗಂಟೆ ಬೆನ್ನು ತಟ್ಟುತ್ತ ಕೂರಬೇಡಿ. ಐದು ನಿಮಿಷ ನೆಟ್ಟಗೆ ಹಿಡಿದುಕೊಂಡರೆ ಸಾಕು.

ನಿಮ್ಮ ಊಟದ ಮೇಲೂ ಯಾರಾದರೂ ನಿರ್ಬಂಧ ಹಾಕಲು ಶುರುಮಾಡಿರಬಹುದು. ಸುಮ್ಮಸುಮ್ಮನೆ ಒಂದೊಂದೇ ಪದಾರ್ಥ ಬಿಡುತ್ತ ಹೋಗಬೇಡಿ, ಬಾಣಂತಿಗೆ ಹೊಟ್ಟೆ ತುಂಬ ಊಟ ಬೇಕು. ಮಗುವಿನ ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಕಜ್ಜಿಯಂಥ ಗಂದೆ, ಪದೇಪದೇ ವಾಂತಿ ಇದ್ದರೆ ಮಾತ್ರ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿಯ ಅನುಮಾನ ಬರುತ್ತದೆ. ಆಗ ವೈದ್ಯರ ಸಲಹೆಯಂತೆ ನೀವು ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಟ್ಟು ನೋಡಬೇಕಾಗುತ್ತದೆ. ಕಾಫಿ ಟೀ ಪ್ರಿಯರಿಗೆ ಒಂದು ಮಾತು: ನವಜಾತ ಶಿಶುವಿನ ದೇಹದಿಂದ ಕೆಫೀನ್ ಅರ್ಧದಷ್ಟು ಹೊರಹೋಗಲೇ ಮೂರು ನಾಲ್ಕು ದಿನ ಬೇಕು. ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿ.

ಅಪ್ಪ ಎತ್ತಿಕೊಂಡರೆ ಸುಮ್ಮನಾಗುವ ವಿಷಯ. ನಿಮಗೆ ಹೆಚ್ಚು ನೋವು ಕೊಟ್ಟಿರುವುದು ಇದೇ ಅಂತ ಕಾಣುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ತನ್ನ ತಾಯಿಯ ಎದೆಯ ವಾಸನೆಯನ್ನು ಬೇರೆಯವರದ್ದರಿಂದ ಬೇರ್ಪಡಿಸಿ ಗುರುತಿಸುತ್ತದೆ. ನಿಮ್ಮ ತೋಳಿಗೆ ಬಂದ ಕೂಡಲೇ ಹಾಲಿನ ವಾಸನೆ ಮೂಗಿಗೆ ಬಡಿಯುತ್ತದೆ, ಬಾಯಿ ಹುಡುಕುತ್ತದೆ, ಸಂಜೆಯ ನಿಧಾನದ ಹಾಲಿಗೆ ಸಿಟ್ಟು ಬರುತ್ತದೆ. ಅಪ್ಪನ ಹೆಗಲಲ್ಲಿ ಆ ಆಸೆಯೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಬೇಡವಾದವರ ಹತ್ತಿರ ಮಗು ಹಾಲು ಹುಡುಕುವುದಿಲ್ಲ. ಇದನ್ನೇ ಉಪಯೋಗಿಸಿಕೊಳ್ಳಿ. ಎರಡೂ ಕಡೆ ಕುಡಿಸಿ, ಒತ್ತಿ ಕುಡಿಸಿ, ಆಮೇಲೂ ಅಳುತ್ತಿದ್ದರೆ ಅದು ಹಾಲಿನ ಅಳುವಲ್ಲ ಎಂದು ತಿಳಿದು ಮಗುವನ್ನು ಅಪ್ಪನಿಗೆ ಕೊಟ್ಟು ಇಪ್ಪತ್ತು ನಿಮಿಷ ಬೇರೆ ಕೋಣೆಗೆ ಹೋಗಿ. ಅವರು ಎದೆಗೆ ಅವಚಿಕೊಂಡು ಓಡಾಡಲಿ, ಒಂದೇ ಶ್ರುತಿಯಲ್ಲಿ ಗುನುಗಲಿ. ಬಟ್ಟೆಯಲ್ಲಿ ಕಟ್ಟಿ ಹೊತ್ತುಕೊಳ್ಳುವುದಾದರೆ ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು. ಹತ್ತು ಗಂಟೆಯ ಹೊತ್ತಿಗೆ ಇಬ್ಬರಿಗೂ ಕಣ್ಣು ಎಳೆಯುತ್ತಿರುತ್ತದೆ. ಮಗುವನ್ನು ಎತ್ತಿಕೊಂಡು ಸೋಫಾದಲ್ಲೋ ಒರಗುಕುರ್ಚಿಯಲ್ಲೋ ಜಂಪು ಹತ್ತಿಸಿಕೊಳ್ಳಬೇಡಿ. ಉಸಿರುಗಟ್ಟುವ ಅಪಾಯ ಅಲ್ಲಿ ತುಂಬ ಹೆಚ್ಚು.

ಮೇಲೆ ಹೇಳಿದ್ದೆಲ್ಲ ಆರೋಗ್ಯವಾಗಿರುವ, ತೂಕ ಏರುತ್ತಿರುವ ಮಗುವಿನ ಮಾತು. ಕೆಲವು ಸಂದರ್ಭಗಳಲ್ಲಿ ಈ ಉಪಾಯಗಳನ್ನೆಲ್ಲ ಬಿಟ್ಟು ಆಸ್ಪತ್ರೆಗೆ ಹೊರಡಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ ತುರ್ತು ಪರಿಸ್ಥಿತಿ, ಬೆಳಗಾಗಲಿ ಅಂತ ಕಾಯುವಂತಿಲ್ಲ. ಹಸಿರು ಬಣ್ಣದ ವಾಂತಿಯೂ ಹಾಗೆಯೇ. ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿ, ಮಲದಲ್ಲಿ ರಕ್ತ, ಎಬ್ಬಿಸಿದರೂ ಏಳದ ಮಂಪರು, ಎರಡೆರಡು ಹೊತ್ತು ಹಾಲೇ ಬೇಡವೆನ್ನುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟ ನಿಮಿಷಕ್ಕೆ 60 ದಾಟುವುದು, ನೆತ್ತಿ ಉಬ್ಬುವುದು, ಕಾಮಾಲೆಯ ಹಳದಿ ಏರುತ್ತಿರುವುದು: ಇವುಗಳಲ್ಲಿ ಒಂದಿದ್ದರೂ ಸಾಕು. ಎಂದಿನಂತಲ್ಲದ, ಚೀರುವ ಅಳು ನಿಲ್ಲದೇ ಇದ್ದರೆ ಬಟ್ಟೆಯೆಲ್ಲ ಬಿಚ್ಚಿ ಕೈಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡಿ. ಉದುರಿದ ತಲೆಗೂದಲೊಂದು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ರಕ್ತ ತಡೆಯುವುದುಂಟು, ಬಾಣಂತಿಯರ ಕೂದಲು ಉದುರುವ ತಿಂಗಳುಗಳಲ್ಲಿ ಇದು ವಿಶೇಷವಾಗಿ ನೆನಪಿರಲಿ. ಹಾಗೆಯೇ ತೊಡೆಸಂದಿಯಲ್ಲಿ ಗಂಟು ಉಬ್ಬಿದೆಯೇ ನೋಡಿ. ಒಂದೇ ಮೊಲೆಯನ್ನು ನಿರಾಕರಿಸುತ್ತಿದ್ದರೆ ಕುತ್ತಿಗೆ ಒಂದು ಕಡೆ ಬಿಗಿದಿರಬಹುದು, ಮೂಗು ಕಟ್ಟಿದ್ದರೆ ಉಸಿರಿಗಾಗಿ ಮತ್ತೆ ಮತ್ತೆ ಮೊಲೆ ಬಿಡುತ್ತದೆ, ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಕಲೆಗಳಿದ್ದರೆ ಅದು ಶಿಲೀಂಧ್ರದ ಸೋಂಕು. ಇವು ತುರ್ತಿನವಲ್ಲ, ಆದರೆ ತೋರಿಸಬೇಕಾದವು.

ಕೊನೆಗೆ ನಿಮ್ಮ ಬಗ್ಗೆ. ಅಳು ಕೇಳಿ ಕೇಳಿ ಕೈ ನಡುಗುವಷ್ಟು ಸಿಟ್ಟು ಬಂದರೆ, ಯಾರೂ ಹತ್ತಿರ ಇಲ್ಲದಿದ್ದರೆ, ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಐದು ಹತ್ತು ನಿಮಿಷ ಆಚೆ ಬನ್ನಿ. ಅಷ್ಟು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಮಗುವನ್ನು ಹಿಡಿದು ಅಲುಗಾಡಿಸಿದರೆ ಮಾತ್ರ ಮಿದುಳಿಗೆ ಪೆಟ್ಟಾಗುತ್ತದೆ. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಎಲ್ಲರಿಗೂ ಇದನ್ನು ಹೇಳಿಡಿ. ಹೆರಿಗೆಯಾದ ಮೊದಲ ವಾರದ ಅಳುಮನಸ್ಸು ಎರಡು ವಾರದೊಳಗೆ ತಾನಾಗಿ ಕಳೆಯಬೇಕು. ನಿಮಗೆ ಮೂರು ವಾರ ದಾಟಿದೆ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ‘ನಾನೇ ಬೇಡವೇನೋ’ ಎಂಬ ಯೋಚನೆ ಬೆಳಗಿನ ನೆಮ್ಮದಿಯ ಹೊತ್ತಲ್ಲೂ ಕಾಡುತ್ತಿದ್ದರೆ, ಮಗುವಿನ ವೈದ್ಯರ ಹತ್ತಿರವೇ ಅದನ್ನು ಬಾಯಿಬಿಟ್ಟು ಹೇಳಿ. 1987ರಲ್ಲಿ ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಐದು ನಿಮಿಷದ ಕೆಲಸ. ಬಾಣಂತಿಯರ ಖಿನ್ನತೆಯನ್ನು ಮೊದಲೇ ಗುರುತಿಸಲು ಇಂದಿಗೂ ಅದನ್ನೇ ಬಳಸುತ್ತೇವೆ. ಚಿಕಿತ್ಸೆ ಬೇಕಾದರೆ ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ನಿಮಗೆ ನೀವು, ಅಥವಾ ಮಗುವಿಗೆ, ಏನಾದರೂ ಮಾಡಿಬಿಡುವ ಯೋಚನೆ ಒಂದೇ ಒಂದು ಸಲ ಬಂದರೂ ಅವತ್ತೇ ವೈದ್ಯರನ್ನು ಕಾಣಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ.

ಮುಂದಿನ ಏಳು ದಿನ ಮೇಲಿನಂತೆ ನಡೆಸಿ, ದಿನಕ್ಕೆ ಎಷ್ಟು ಡಯಪರ್ ಒದ್ದೆ, ಸಂಜೆ ಯಾವ ಹಂತದಲ್ಲಿ ಅಳು ಶುರು ಎಂಬ ಎರಡನ್ನು ಮಾತ್ರ ಬರೆದಿಡಿ. ಎಂಟನೇ ದಿನ ಅದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ ಮಗುವನ್ನು ತೂಗಿಸಿ. 150 ಗ್ರಾಂ ಅಥವಾ ಹೆಚ್ಚು ಏರಿದ್ದರೆ ಬಾಟಲಿಯನ್ನು ಕಪಾಟಿನಲ್ಲಿಟ್ಟು ಮುಂದುವರಿಸಿ. ಅದಕ್ಕಿಂತ ಕಡಿಮೆಯಿದ್ದರೆ ಆ ಚೀಟಿಯನ್ನೂ ನಿಮ್ಮ ಟಿಪ್ಪಣಿಯನ್ನೂ ಹಿಡಿದುಕೊಂಡು ಅವತ್ತೇ ವೈದ್ಯರನ್ನು ಕಾಣಿ, ಹೋಗುವಾಗ ಮಗುವಿಗೆ ಹಾಲು ಕೊಡುವ ಹೊತ್ತನ್ನೇ ನೋಡಿಕೊಂಡು ಹೋಗಿ. ಅವರ ಕಣ್ಣೆದುರಿಗೇ ಕುಡಿಸಬೇಕಾಗುತ್ತದೆ.